ಸೀಸದ ಗುಂಡು, ತಾಮ್ರದ ಗುಂಡು

"ಪಕ್ಕದ ಮನೆಯ ಅಜ್ಜ ಬೆಳಗಿನಿಂದ ಗುಂಡು ಸರಿಮಾಡಿಕೊಳ್ತಾ ಕೂತಿದ್ದಾರೆ" ಎಂದು ನಾನು ಅಮೆರಿಕದಿಂದ ಫೋನಿನಲ್ಲಿ ಹೇಳಿದಾಗ ಚಿಕ್ಕಬಳ್ಳಾಪುರದಲ್ಲಿದ್ದ ನಮ್ಮವರು ಗಾಬರಿಯಾಗಿಬಿಟ್ಟರು. "ಬೆಳಗಿನಿಂದಲೇನಾ? ನೀನು ಆ ಮನೆ ಕಡೆ ತಲೆ ಹಾಕಬೇಡ ಕಣೇ" ಎಂದರು. ಅವರ ತಪ್ಪೇನೂ ಇಲ್ಲ. ನಮ್ಮಲ್ಲಿ ಗುಂಡು ಎಂದ ಕೂಡಲೇ ಯಾರಿಗಾದರೂ ನೆನಪಾಗುವುದು ಗ್ಲಾಸಿನಲ್ಲಿರುವ ಗುಂಡೇ. ನಾನು ಹೇಳಿದ್ದು ಬಂದೂಕಿನ ಗುಂಡು ಎಂದು ತಿಳಿದ ಮೇಲೆ ಅವರ ಗಾಬರಿ ಇಳಿಯುವ ಬದಲು ಇನ್ನೂ ಏರಿತು. ಅಲ್ಲಿನ ಬಂದೂಕಿನ ಸುದ್ದಿಗಳನ್ನು ನಾವೆಲ್ಲ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವಲ್ಲ.

ಅದು 2022ರ ಮೇ ತಿಂಗಳು. ಮಗಳ ಬಾಣಂತನಕ್ಕೆಂದು ಬೇಸಿಗೆ ರಜೆಗೆ ಇನ್ನಷ್ಟು ರಜೆ ಸೇರಿಸಿಕೊಂಡು, ಅಂಟಿನುಂಡೆ, ಮೆಂತ್ಯದ ಪುಡಿ, ರಾಗಿ ಹಿಟ್ಟು ಎಲ್ಲವನ್ನೂ ಹೊತ್ತುಕೊಂಡು ನಾನೊಬ್ಬಳೇ ಮಿಷಿಗನ್‌ಗೆ ಹೋಗಿದ್ದೆ. ಮಗು ಮಲಗಿದ ಹೊತ್ತಿನಲ್ಲಿ ನನಗೆ ಮಾಡಲು ಕೆಲಸವಿರುತ್ತಿರಲಿಲ್ಲ. ಮನೆಮುಂದೆ ಓಡಾಡುತ್ತಿದ್ದೆ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜ ಒಬ್ಬರಿದ್ದರು. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕಾರು ನಿಲ್ಲಿಸುವ ಶೆಡ್ಡಿನ ಬಾಗಿಲನ್ನು ಮೇಲಕ್ಕೆ ಎತ್ತಿಟ್ಟು, ಒಳಗೆ ಒಂದು ಉದ್ದ ಮೇಜಿನ ಮುಂದೆ ಕೂತು ಏನಾದರೂ ಮಾಡುತ್ತಲೇ ಇರುತ್ತಿದ್ದರು. ನಾನು ನಿಂತು ನೋಡಿದೆ. ಅವರು ಕೈಬೀಸಿ ಕರೆದರು. ನನ್ನ ಬಿ.ಎ., ಬಿ.ಎಡ್. ಇಂಗ್ಲಿಷು ಅವರಿಗೆ ಅರ್ಥವಾಯಿತು. ಅವರ ಇಂಗ್ಲಿಷು ನನಗೆ ಅರ್ಧ ಅರ್ಥವಾಯಿತು. ಉಳಿದರ್ಧವನ್ನು ಅವರ ಕೈಗಳೇ ಹೇಳಿದವು.

ಅಲ್ಲಿ ಡಿಸೆಂಬರಿನಲ್ಲಿ ಜಿಂಕೆ ಬೇಟೆಗೆಂದೇ ಕೆಲವು ದಿನಗಳಿವೆ. ಆ ದಿನಗಳಲ್ಲಿ ಕೆಲವರು ಹಳೆಯ ಕಾಲದ ಹಾಗೆ ಬಾಯಿಯಿಂದ ಮದ್ದು, ಗುಂಡು ತುಂಬುವ ಬಂದೂಕಿನಿಂದಲೇ ಬೇಟೆಯಾಡುತ್ತಾರೆ. ಅದಕ್ಕೆ ಲೈಸೆನ್ಸು ಬೇಕು, ಲೆಕ್ಕ ಬೇಕು. ಡಿಸೆಂಬರಿನ ಬೇಟೆಗೆ ಈ ಅಜ್ಜನ ತಯಾರಿ ಮೇ ತಿಂಗಳಿನಲ್ಲೇ ಶುರು, ನಾವು ಮಳೆಗಾಲಕ್ಕೆ ಬೇಸಿಗೆಯಲ್ಲೇ ಹಪ್ಪಳ ಸಂಡಿಗೆ ಮಾಡಿಡುವ ಹಾಗೆ. ಅವರ ಮೇಜಿನ ಮೇಲೆ ಬೆರಳಿನ ಗೆಣ್ಣಿನಷ್ಟು ಉದ್ದದ ತಾಮ್ರದ ಗುಂಡುಗಳು ಸಾಲಾಗಿ ನಿಂತಿದ್ದವು. ಬೆಳಗಿದ ಉದ್ಧರಣೆಯ ಬಣ್ಣ. ಪಕ್ಕದಲ್ಲಿ ಮೇಜಿಗೆ ಬಿಗಿದ, ಹಿಡಿಯನ್ನು ಕೆಳಕ್ಕೆ ಒತ್ತುವ ಒಂದು ಯಂತ್ರ. ಥೇಟ್ ನಮ್ಮ ಶಾವಿಗೆ ಒರಳು.

ಅಂಗಡಿಯಿಂದ ತಂದ ಗುಂಡು ಅವರ ಬಂದೂಕಿನ ನಳಿಗೆಗೆ ಒಂದು ಎಳೆ ದಪ್ಪ. ನಳಿಗೆಗಳೆಲ್ಲ ಒಂದೇ ಅಳತೆ ಎಂದು ಕಂಪೆನಿಯವರು ಬರೆದರೂ ಒಂದೊಂದರಲ್ಲೂ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದಂತೆ. ಗುಂಡಿಗೆ ಚೂರು ಜಿಡ್ಡು ಸವರಿ, ಗಟ್ಟಿ ಉಕ್ಕಿನ ಅಚ್ಚಿನ ತೂತಿನ ಮೇಲೆ ನಿಲ್ಲಿಸಿ, ಹಿಡಿ ಒತ್ತಿದರೆ ಅದು ತೂತಿನೊಳಗೆ ಹಾದು ಆಚೆ ಬೀಳುತ್ತದೆ. ಬಿದ್ದದ್ದನ್ನು ಒರೆಸಿ, ಅಳೆಯುವ ಉಪಕರಣಕ್ಕೆ ಹಿಡಿಯುತ್ತಾರೆ. ಒಂದು ಅಂಗುಲವನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗದ ಲೆಕ್ಕ. ನಮ್ಮ ತಲೆಗೂದಲೇ ಅಂಥ ಎರಡು ಮೂರು ಭಾಗ ದಪ್ಪವಿರುತ್ತದೆ ಎಂದರೆ ಯೋಚಿಸಿ! ತಾಮ್ರ ಹಟಮಾರಿ. ಸೀಸದ ಹಾಗೆ ಹೇಳಿದ ಮಾತು ಕೇಳುವುದಿಲ್ಲ. ಅಚ್ಚಿನಿಂದ ಆಚೆ ಬಂದ ಮೇಲೆ ಒಂದಿಷ್ಟು ಮತ್ತೆ ಉಬ್ಬುತ್ತದೆ. ಆದ್ದರಿಂದ ತೂತನ್ನು ಅದಕ್ಕೂ ಒಂದು ಚೂರು ಕಿರಿದಾಗಿಯೇ ಇಟ್ಟುಕೊಂಡಿರಬೇಕು. ಕೊನೆಗೆ ಮದ್ದಿಲ್ಲದ ಖಾಲಿ ನಳಿಗೆಗೆ ಗುಂಡನ್ನಿಟ್ಟು ಕಡ್ಡಿಯಿಂದ ತಳ್ಳಿ ನೋಡುತ್ತಾರೆ. ಒಂದೇ ಸಮನೆ, ಎಲ್ಲೂ ತಡೆಯದೆ, ಆದರೆ ತಾನೇ ಜಾರಿಯೂ ಹೋಗದೆ ಇಳಿಯಬೇಕು. ಇಳಿದರೆ ಸರಿ. ಇಲ್ಲದಿದ್ದರೆ ಆ ಗುಂಡು ಬೇರೆ ಡಬ್ಬಿಗೆ.

ಮೂರನೆಯ ಗುಂಡಿಗೇ ನಾನು, "ಅದು ಬಿಗಿಯಾಯಿತು, ನಡುವೆ ನಿಂತರೆ ಅಪಾಯ" ಎಂದುಬಿಟ್ಟೆ. ಅಜ್ಜ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಸೀರೆ ಉಟ್ಟು, ಕಾಲಿಗೆ ಮಗಳ ದೊಡ್ಡ ಬೂಟು ಹಾಕಿಕೊಂಡು ನಿಂತಿದ್ದ ಈ ಹೆಂಗಸಿಗೆ ಅದು ಹೇಗೆ ಗೊತ್ತು ಎಂದು ಅವರಿಗೆ ಆಶ್ಚರ್ಯ.

ಗೊತ್ತಿಲ್ಲದೆ ಏನು? ಎಂಟು ವರ್ಷದವಳಿದ್ದಾಗಲೇ ನಾನು ಆ ಕೆಲಸ ಮಾಡಿದವಳು.

ನನ್ನ ತವರು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ, ಚಿಂತಾಮಣಿಗೆ ಹತ್ತಿರ. ಊರ ಹೊರಗೆ ನಿಂತರೆ ಅಂಬಾಜಿದುರ್ಗದ ಬೆಟ್ಟಗಳು ಕಾಣುತ್ತವೆ. ಈಗ ಚಿಕ್ಕಬಳ್ಳಾಪುರ ಜಿಲ್ಲೆ. 2007ರವರೆಗೆ ಕೋಲಾರ ಜಿಲ್ಲೆಯಲ್ಲಿತ್ತು. ನಮ್ಮ ಮನೆಯಲ್ಲಿ ತಾತನ ಕಾಲದ ಒಂದು ತುಪಾಕಿ ಇತ್ತು. ನಮ್ಮ ಕಡೆ ತೆಲುಗು ಬೆರೆತ ಕನ್ನಡವಲ್ಲವೆ, ಬಂದೂಕು ಎನ್ನುವವರು ಕಡಿಮೆ. ಒಂಟಿ ನಳಿಗೆಯ ಕೇಪಿನ ತುಪಾಕಿ. ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗುಂಡು ಹಾಕಿ, ಮೇಲೆ ಮತ್ತೆ ನಾರಿಟ್ಟು ಗಜದಿಂದ ಇಡಿಯಬೇಕು. ತಾತ ತನ್ನ ಯೌವನದಲ್ಲಿ ಅದನ್ನು ಹೆಗಲಿಗೇರಿಸಿ ಗೌರಿಬಿದನೂರಿನ ಆಚೆಯ ಬಯಲಿಗೆ ಹೋಗಿ ಕೃಷ್ಣಮೃಗ ಹೊಡೆದ ಕಥೆಯನ್ನು ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಪ್ರತಿ ಸಲ ಹೇಳುವಾಗಲೂ ಜಿಂಕೆಯ ಕೊಂಬು ಒಂದು ಗೇಣು ಬೆಳೆಯುತ್ತಿತ್ತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆಯ ಕಥೆ ಕಥೆಯಾಗಿಯೇ ಉಳಿಯಿತು. ಆದರೆ ತುಪಾಕಿ ಉಳಿಯಿತು. 1959ರ ಆಯುಧ ಕಾಯ್ದೆಯಲ್ಲಿ ಬೆಳೆ ಕಾಯುವುದಕ್ಕೆಂದು ಬಾಯಿಯಿಂದ ತುಂಬುವ ಬಂದೂಕಿಗೆ ಲೈಸೆನ್ಸು ಕೊಡುವ ಮಾತು ಇದೆ. ನಮ್ಮಪ್ಪನಿಗೆ ಇದ್ದದ್ದು ಅಂಥದು. ಕಡಲೆಕಾಯಿ ಬಲಿಯುವ ಹೊತ್ತಿಗೆ ಬೆಟ್ಟದಿಂದ ಇಳಿಯುವ ಹಂದಿಗಳನ್ನು ಅಪ್ಪ ಹೊಡೆದದ್ದಕ್ಕಿಂತ ಹೆದರಿಸಿ ಓಡಿಸಿದ್ದೇ ಹೆಚ್ಚು. ಚುನಾವಣೆ ಬಂತೆಂದರೆ ತುಪಾಕಿಯನ್ನು ಗೋಣಿಚೀಲದಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕಾಗಿತ್ತು. ಆ ಮೂಲೆ ಖಾಲಿಯಾದರೆ ಅಮ್ಮ, "ಓಟು ಬಂತು ಅನ್ನು" ಎನ್ನುತ್ತಿದ್ದಳು.

ವರ್ಷಕ್ಕೆ ಒಂದು ಸಲ, ಕಡಲೆಕಾಯಿ ಹೂ ಬಿಡುವ ಕಾಲಕ್ಕೆ, ನಮ್ಮ ಮನೆಯಲ್ಲಿ ಗುಂಡು ಎರೆಯುವ ದಿನ. ಅಪ್ಪ ಚಿಂತಾಮಣಿಯ ಗುಜರಿ ಅಂಗಡಿಯಿಂದ ಹಳೆಯ ಲಾರಿ ಬ್ಯಾಟರಿಯ ಸೀಸದ ತಟ್ಟೆಗಳನ್ನು ಸೇರಿನ ಲೆಕ್ಕದಲ್ಲಿ ತರುತ್ತಿದ್ದ. ಸೀಸ ಕರಗುವುದಕ್ಕೆ ಕುಲುಮೆ ಬೇಕಿಲ್ಲ. 327 ಡಿಗ್ರಿ ಸಾಕು. ತಾಮ್ರಕ್ಕಾದರೆ 1085 ಡಿಗ್ರಿ ಬೇಕು. ಹಾಗಾಗಿ ತಾಮ್ರಕ್ಕೆ ಕಾರ್ಖಾನೆ, ಸೀಸಕ್ಕೆ ಅಮ್ಮನ ಒಲೆ. ಬೆಳಗಿನ ಮುದ್ದೆ ಇಳಿಸಿದ ಒಲೆಯ ಮೇಲೆಯೇ ಕಬ್ಬಿಣದ ಸೌಟು ಇಟ್ಟು ಅಪ್ಪ ಸೀಸ ಕಾಯಿಸುತ್ತಿದ್ದ. ಬೂದಿ ಬಣ್ಣದ ಚೂರುಗಳು ಕುಸಿದು, ಮೇಲೆ ಒಂದು ಕೆನೆ ಕಟ್ಟಿ, ಆ ಕೆನೆಯನ್ನು ಪಕ್ಕಕ್ಕೆ ಸರಿಸಿದರೆ ಒಳಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಷ್ಟು ಚೆಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಡುಗೆಮನೆಯೆಲ್ಲ ಒಂದು ಥರದ ಹೊಗೆ. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಬೇಗ ಮುಗಿಸಿ, ಸಾರಿಗೆ ಇಡಬೇಕು" ಎಂದು ಗೊಣಗುತ್ತಿದ್ದಳು. ಅಪ್ಪ ಅಚ್ಚಿಗೆ ಸುರಿದು, ಎರಡು ಎಣಿಸುವುದರೊಳಗೆ ಅಚ್ಚು ಬಿಡಿಸಿ, ಗುಂಡನ್ನು ಗೋಣಿಯ ಮೇಲೆ ಉರುಳಿಸುತ್ತಿದ್ದ. ಪ್ರತಿ ಗುಂಡಿಗೂ ಹುಣಸೆಕಾಯಿಯ ತೊಟ್ಟಿನ ಹಾಗೆ ಒಂದು ಬಾಲ. ಅದನ್ನು ಚಿವುಟಿ, ಅರದಿಂದ ಉಜ್ಜಿ ನುಣ್ಣಗೆ ಮಾಡುವುದು ಅಪ್ಪನ ಕೆಲಸ. ಅಳತೆ ನೋಡುವುದು ನನ್ನ ಕೆಲಸ.

ಅದಕ್ಕೆ ಒಂದು ಕಬ್ಬಿಣದ ಪಟ್ಟಿ ಇತ್ತು. ಅಕ್ಕಸಾಲಿಗರು ತಂತಿ ಎಳೆಯುವ ಕಂಬಚ್ಚಿನ ಹಾಗೆ, ಆದರೆ ಒಂದೇ ತೂತು. ತುಪಾಕಿಯ ನಳಿಗೆಯ ಬಾಯಿಗಿಂತ ಒಂದು ಬಟ್ಟೆಯ ದಪ್ಪದಷ್ಟು ಕಿರಿದು. ಗುಂಡನ್ನು ಆ ತೂತಿನ ಮೇಲಿಟ್ಟರೆ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಕೈಯಿಂದ ಒತ್ತಬಾರದು. "ಒತ್ತಿ ಇಳಿಸಿದ್ದು ನಳಿಗೆಯ ನಡುವೆ ನಿಂತುಬಿಟ್ಟರೆ ನಳಿಗೆಯೇ ಒಡೆದು ಹೋಗುತ್ತೆ ಮಗಾ, ಅಪ್ಪನ ಮುಖ ಅಲ್ಲೇ ಇರುತ್ತೆ ನೋಡು" ಎಂದು ಅಪ್ಪ ಹೇಳಿದ್ದು ನನಗೆ ಎಷ್ಟು ನಾಟಿತ್ತೆಂದರೆ, ಚೂರು ಅನುಮಾನ ಬಂದರೂ ಆ ಗುಂಡನ್ನು ಮತ್ತೆ ಸೌಟಿಗೇ ಹಾಕುತ್ತಿದ್ದೆ. ತೀರಾ ಸಡಿಲವಾದರೂ ಆಗದು. ಬಳೆ ತೊಡಿಸಿಕೊಂಡವರಿಗೆಲ್ಲ ಇದು ಗೊತ್ತು. ಗೆಣ್ಣು ದಾಟಬೇಕು, ಆದರೆ ಕೈ ಇಳಿಬಿಟ್ಟರೆ ಉದುರಬಾರದು. ನಮ್ಮ ಕೈವಾರದ ತಾತಯ್ಯನವರೂ ಯೋಗಿಯಾಗುವ ಮೊದಲು ಬಳೆ ಮಾರುತ್ತಿದ್ದವರೇ. ಬಳೆಗಾರ ಕೈ ಹಿಡಿದು ನೋಡಿಯೇ ಅಳತೆ ಹೇಳುವ ಹಾಗೆ ನಾನು ಗುಂಡನ್ನು ಅಂಗೈಯಲ್ಲಿ ಹೊರಳಿಸಿ ಹೇಳುವಷ್ಟಾಗಿದ್ದೆ. ಅಪ್ಪ ಊರಿನವರ ಮುಂದೆ, "ನಮ್ಮ ಹುಡುಗಿ ನೋಡಿದ ಗುಂಡು ಎಂದೂ ಸಿಕ್ಕಿಕೊಂಡಿಲ್ಲ" ಎನ್ನುತ್ತಿದ್ದ. ನನ್ನ ಜೀವನದಲ್ಲಿ ಸಿಕ್ಕ ಮೊದಲ ಪ್ರಶಸ್ತಿ ಅದು.

ಇನ್ನೊಂದು ಮೊದಲನೆಯದೂ ಆಗಲೇ ಆದದ್ದು. ನನ್ನ ಮೊದಲ ವಿದ್ಯಾರ್ಥಿ. ನನಗಿಂತ ಐದು ವರ್ಷ ಚಿಕ್ಕವನಾದ ನನ್ನ ತಮ್ಮ. ಅಳತೆ ನೋಡಿದ ಗುಂಡುಗಳನ್ನು ಹತ್ತತ್ತರ ಗುಡ್ಡೆ ಮಾಡುತ್ತಾ ಅವನಿಗೆ ಎಣಿಕೆ ಕಲಿಸುತ್ತಿದ್ದೆ. ಗುಂಡು ಬೆಚ್ಚಗೆ, ಭಾರವಾಗಿ, ಗೋಲಿಗಿಂತ ಚೆನ್ನಾಗಿರುತ್ತಿತ್ತು. ಒಂದು ಎಂದಾಗ ಒಂದು, ಎರಡು ಎಂದಾಗ ಇನ್ನೊಂದು. ಅವನು ಒಂದನ್ನು ಕೈಯಲ್ಲಿ ಹಿಡಿದು ಇನ್ನೊಂದನ್ನು ಬಾಯಲ್ಲಿಟ್ಟುಕೊಳ್ಳುತ್ತಿದ್ದ. ನಾನು ಅವನ ಕೆನ್ನೆ ಒತ್ತಿ ತೆಗೆಸುತ್ತಿದ್ದೆ. ನುಂಗಿಬಿಟ್ಟರೆ ಲೆಕ್ಕ ತಪ್ಪುತ್ತದೆ ಎಂಬುದೇ ನನ್ನ ಹೆದರಿಕೆ. ಗುಂಡು ಎರೆಯುವ ದಿನ ಮುಗಿದರೂ ನಮ್ಮ ಪಾಠ ಮುಗಿಯಲಿಲ್ಲ. ಡಬ್ಬಿಯಿಂದ ಇಪ್ಪತ್ತು ಗುಂಡು ಅಪ್ಪನನ್ನು ಕೇಳಿ ತೆಗೆದುಕೊಂಡಿದ್ದೆ. ಎರಡು ಮೂರು ವರ್ಷ ಅವೇ ನಮ್ಮ ಸ್ಲೇಟು, ಬಳಪ ಎಲ್ಲ.

ತಮ್ಮ ಕಲಿಯಲಿಲ್ಲ. ಮಾತು ತಡವಾಗಿ ಬಂತು. ಶಾಲೆಗೆ ಹಾಕಿದರೆ ಅಕ್ಷರ ಇಂದು ಬಂದದ್ದು ನಾಳೆ ಇರುತ್ತಿರಲಿಲ್ಲ. ಎಣಿಸುವಾಗ ನಾಲ್ಕನ್ನು ಬಿಟ್ಟು ಐದಕ್ಕೆ ಹೋಗುತ್ತಿದ್ದ. ಹೊಟ್ಟೆನೋವು ಎಂದು ಆಗಾಗ ಮುದುಡಿಕೊಂಡು ಮಲಗುತ್ತಿದ್ದ. ಶಾಲೆಗೆ ಹೋಗಲು ನೆವ ಎಂದು ನಾವು ತಿಳಿದೆವು. ನಾನು ಹೈಸ್ಕೂಲಿಗೆ ಬಂದ ಮೇಲೆ ಒಂದು ದಿನ ಆ ನಾಲ್ಕಕ್ಕಾಗಿ ಅವನ ಕೆನ್ನೆಗೆ ಹೊಡೆದೆ. ಅವನು ಅಳಲಿಲ್ಲ. ಗುಂಡುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ ಎದ್ದುಹೋದ. ನಾಲ್ಕನೆಯ ತರಗತಿಗೆ ಅವನ ಶಾಲೆ ಮುಗಿಯಿತು. ನಾನು ಬಿ.ಎ. ಮಾಡಿ, ಬಿ.ಎಡ್. ಮಾಡಿ, ಗೌರಿಬಿದನೂರು, ಚಿಂತಾಮಣಿ, ಚಿಕ್ಕಬಳ್ಳಾಪುರ ಎಂದು ಮೂವತ್ತು ವರ್ಷದಿಂದ ಊರವರ ಮಕ್ಕಳಿಗೆಲ್ಲ ಓದಿಸಿದೆ. ಮನೆಯ ಹುಡುಗನಿಗೆ ಕಲಿಸಲಾಗಲಿಲ್ಲ ಎಂಬುದು ಒಳಗೆ ಒಂದು ಮುಳ್ಳಾಗಿಯೇ ಇತ್ತು.

ಇದರಲ್ಲಿ ಅರ್ಧವನ್ನು, ಎಂದರೆ ಒಲೆಯ ಮತ್ತು ಅಳತೆಯ ಪಟ್ಟಿಯ ಭಾಗವನ್ನು, ಆ ಅಜ್ಜನಿಗೆ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು. ತಾವೂ ನಲವತ್ತು ವರ್ಷ ಮನೆಯ ನೆಲಮಾಳಿಗೆಯಲ್ಲಿ ಸೀಸದ ಗುಂಡನ್ನೇ ಎರೆದುಕೊಳ್ಳುತ್ತಿದ್ದರಂತೆ. ಹಾಗಾದರೆ ಈ ಹಟಮಾರಿ ತಾಮ್ರ, ಈ ಯಂತ್ರ, ಈ ದುಬಾರಿ ಖರ್ಚು ಏಕೆ ಎಂದು ಕೇಳಿದೆ.

ಅವರು ಮೊದಲು ಹದ್ದುಗಳ ವಿಷಯ ಹೇಳಿದರು. ಬೇಟೆಗಾರರು ಕಾಡಿನಲ್ಲಿ ಬಿಟ್ಟುಬಂದ ಜಿಂಕೆಯ ಕರುಳನ್ನು ತಿನ್ನುವುದು ಹದ್ದುಗಳು. ಸೀಸದ ಗುಂಡು ಮೈಗೆ ತಾಗಿದ ಕೂಡಲೇ ಚೂರುಚೂರಾಗಿ ಮಾಂಸದೊಳಗೆ ಸೇರುತ್ತದೆ. ತಾಮ್ರ ಹೂವಿನ ಹಾಗೆ ಅರಳಿದರೂ ಒಂದೇ ತುಂಡಾಗಿ ಉಳಿಯುತ್ತದೆ. ಆ ವರ್ಷದ ಫೆಬ್ರವರಿಯಲ್ಲೇ ‘ಸೈನ್ಸ್’ ಎಂಬ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. 38 ರಾಜ್ಯಗಳ 1210 ಹದ್ದುಗಳನ್ನು ಪರೀಕ್ಷಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಬಹುಕಾಲದಿಂದ ಮೈಗೆ ಸೇರಿದ ಸೀಸದ ವಿಷ ಕಂಡಿತಂತೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದ್ದಾರೆ. ಮಿಷಿಗನ್‌ನಲ್ಲಿ ಅಂಥ ಕಟ್ಟಳೆ ಇಲ್ಲ. "ನಾನು ಬಿಟ್ಟದ್ದು ಹದ್ದಿಗಾಗಿ ಅಲ್ಲ" ಎಂದು ಅಜ್ಜ ನಕ್ಕರು. ಅವರ ಮೊಮ್ಮಗ ಒಂದು ವರ್ಷ ಅವರ ಮನೆಯಲ್ಲೇ ಬೆಳೆದಿದ್ದನಂತೆ. ಅಲ್ಲಿ ಚಿಕ್ಕ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ವೈದ್ಯರು ನೋಡುತ್ತಾರೆ. ಆ ಮಗುವಿನ ರಕ್ತದಲ್ಲಿ ಹೆಚ್ಚಾಗಿ ಬಂತು. ನೆಲಮಾಳಿಗೆಯ ಧೂಳು ಅಜ್ಜನ ಬಟ್ಟೆಗೆ, ಬಟ್ಟೆಯಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಅಂದೇ ಸೌಟು, ಅಚ್ಚು ಎಲ್ಲವನ್ನೂ ಕೊಟ್ಟುಬಿಟ್ಟರಂತೆ.

ಆಮೇಲೆ ಗುಂಡು ಒರೆಸುತ್ತಾ ಸಹಜವಾಗಿಯೇ ಕೇಳಿದರು: "ನಿಮ್ಮ ಮನೆಯಲ್ಲಿ ಆಗ ಚಿಕ್ಕ ಮಕ್ಕಳಿದ್ದರೆ?"

ನಾನು ಇಲ್ಲ ಎಂದೆ. ಏಕೆ ಹಾಗೆಂದೆನೋ. ಮಗು ಎದ್ದಿರಬೇಕು ಎಂದು ಹೇಳಿ ಮನೆಗೆ ಬಂದುಬಿಟ್ಟೆ.

ಆ ರಾತ್ರಿ ಮಗಳಿಂದ ಹುಡುಕಿಸಿ ಓದಿಕೊಂಡೆ. ಸೀಸ ಚಿಕ್ಕ ಮಕ್ಕಳ ಮೈಗೆ ದೊಡ್ಡವರಿಗಿಂತ ಬೇಗ ಸೇರುತ್ತದೆ. ಮಿದುಳು ಬೆಳೆಯುವ ವಯಸ್ಸಿನಲ್ಲಿ ಅದು ಸೇರಿದರೆ ಕಲಿಕೆ, ಗಮನ, ಮಾತು ಎಲ್ಲಕ್ಕೂ ಪೆಟ್ಟು. ಹೊಟ್ಟೆನೋವು ಅದರ ಒಂದು ಲಕ್ಷಣ. ಇಷ್ಟಿದ್ದರೆ ತೊಂದರೆಯಿಲ್ಲ ಎನ್ನುವಂಥ ಸುರಕ್ಷಿತ ಮಟ್ಟವೇ ಸೀಸಕ್ಕೆ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2020ರಲ್ಲಿ ಯುನಿಸೆಫ್ ಒಂದು ವರದಿ ಕೊಟ್ಟಿತ್ತು: ಪ್ರಪಂಚದಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಕಳವಳಪಡಬೇಕಾದಷ್ಟು ಸೀಸವಿದೆ, ಎಂದರೆ ಮೂವರಲ್ಲಿ ಒಬ್ಬರಿಗೆ. ಹಳೆಯ ಬ್ಯಾಟರಿಗಳನ್ನು ಮನೆಗಳ ಹತ್ತಿರ ಒಡೆದು ಕರಗಿಸುವುದು ಅದಕ್ಕೆ ಒಂದು ದೊಡ್ಡ ಕಾರಣ. ಓದುತ್ತಾ ಓದುತ್ತಾ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಆ ಸೌಟು, ಉಬ್ಬಿದ ಒಂದು ಪುಟ್ಟ ಕೆನ್ನೆ. ಅಪ್ಪನ ಮುಖಕ್ಕೆ ಏನೂ ಆಗಬಾರದೆಂದು ಅಷ್ಟು ಜೋಪಾನವಾಗಿ ಅಳತೆ ನೋಡಿದವಳು ನಾನು. ತಮ್ಮನ ಕೈಗೆ ಗುಂಡು ಕೊಟ್ಟವಳೂ ನಾನೇ.

ಊರಿಗೆ ಬಂದ ಮೇಲೆ ಬೆಂಗಳೂರಿನಲ್ಲಿ ಒಬ್ಬ ಮಕ್ಕಳ ವೈದ್ಯರನ್ನು ಕಂಡು ಕೇಳಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು. ನನ್ನ ತಮ್ಮ ಹುಟ್ಟುವಾಗ ಹೆರಿಗೆ ಕಷ್ಟವಾಗಿತ್ತು, ತಡವಾಗಿ ಅತ್ತಿದ್ದ, ಅದೂ ಕಾರಣವಿರಬಹುದು. ರಕ್ತದಲ್ಲಿರುವ ಸೀಸ ಕೆಲವು ತಿಂಗಳಲ್ಲಿ ಇಳಿಯುತ್ತದೆ, ಮೂಳೆಯಲ್ಲಿ ದಶಕಗಳ ಕಾಲ ಕೂತಿರುತ್ತದೆ. ಈಗ ಪರೀಕ್ಷೆ ಮಾಡಿದರೂ ಐವತ್ತು ವರ್ಷದ ಹಿಂದೆ ಏನಾಯಿತೆಂದು ಹೇಳಲಾಗದು. "ಹೌದು ಅಂತಲೂ ಹೇಳಲಾರೆ, ಅಲ್ಲ ಅಂತಲೂ ಹೇಳಲಾರೆ ಮೇಡಂ" ಎಂದರು. ಹೌದು ಎಂದಿದ್ದರೆ ಅತ್ತುಬಿಡುತ್ತಿದ್ದೆ; ಅಲ್ಲ ಎಂದಿದ್ದರೆ ಮರೆತುಬಿಡುತ್ತಿದ್ದೆ. ಎರಡಕ್ಕೂ ಅವಕಾಶವಿಲ್ಲದೆ ಬಸ್ಸು ಹತ್ತಿದೆ.

ಆದರೆ ಒಂದು ಕೆಲಸವಾಯಿತು. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ಪ್ರಗತಿ ಪತ್ರದಲ್ಲಿ ನಾನು ಎರಡು ಸಲ "ಗಮನ ಸಾಲದು" ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಅವನ ತಂದೆ ಹಳೆಯ ಬ್ಯಾಟರಿ ಒಡೆಯುವ ಕೆಲಸ ಮಾಡುತ್ತಾರೆಂದು ದಾಖಲಾತಿ ಪುಸ್ತಕದಲ್ಲಿ ಇದ್ದದ್ದು ಮೊದಲ ಸಲ ನನ್ನ ಕಣ್ಣಿಗೆ ಬಿತ್ತು. ಒಂದು ಸಂಜೆ ಅವರ ಮನೆಗೆ ಹೋದೆ. ಹಿತ್ತಲಲ್ಲೇ ಒಲೆ, ಅದರ ಪಕ್ಕದಲ್ಲೇ ಪಾತ್ರೆ ತೊಳೆಯುವ ಕಲ್ಲು. ಆ ತಾಯಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ನಮ್ಮಮ್ಮನೇ ನಿಂತ ಹಾಗಿದ್ದಳು. ನಮ್ಮನೆಯ ಕಥೆಯನ್ನೇ ಹೇಳಿದೆ. ಹುಡುಗನ ರಕ್ತ ಪರೀಕ್ಷೆ ಮಾಡಿಸಿದೆವು, ಹೆಚ್ಚೇ ಇತ್ತು. ವೈದ್ಯರು ಹೇಳಿದ್ದು ಸರಳ: ಮೊದಲು ಆ ಕೆಲಸ ಮನೆಯಿಂದ ದೂರ ಹೋಗಬೇಕು, ತಂದೆ ಸ್ನಾನ ಮಾಡಿ ಬಟ್ಟೆ ಬದಲಿಸಿ ಮಗುವನ್ನು ಮುಟ್ಟಬೇಕು, ಊಟಕ್ಕೆ ಮೊದಲು ಕೈ ಸೋಪಿನಲ್ಲಿ ತೊಳೆಯಬೇಕು, ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ರಾಗಿ, ಸೊಪ್ಪು, ನಿಂಬೆಹಣ್ಣು ಚೆನ್ನಾಗಿ ತಿನ್ನಬೇಕು, ಸುಣ್ಣ ಕಬ್ಬಿಣದ ಸತ್ವವಿರುವ ಮೈ ಸೀಸವನ್ನು ಅಷ್ಟಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಲೆ ಊರ ಹೊರಗೆ ಹೋಗುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಹುಡುಗ ಈಗಲೂ ನಿಧಾನವೇ. ಆದರೆ ಆ ಕೆಂಪು ಶಾಯಿಯ ಮಾತನ್ನು ನಾನು ಮತ್ತೆ ಬರೆಯಲಿಲ್ಲ.

ಇನ್ನು ನನ್ನ ತಮ್ಮ. ಅಪ್ಪ ಹೋದ ಮೇಲೆ ಲೈಸೆನ್ಸನ್ನು ಯಾರೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿಲ್ಲ. ತುಪಾಕಿ ಠಾಣೆಗೆ ಹೋದದ್ದು ಮರಳಿ ಬರಲಿಲ್ಲ. ತಮ್ಮ ಅಮ್ಮನ ಜೊತೆ ಊರಿನಲ್ಲೇ ಇದ್ದಾನೆ, ರೇಷ್ಮೆ ಹುಳು ಸಾಕುತ್ತಾನೆ. ಓದು ಬಾರದಿದ್ದರೂ ಹುಳು ಹಣ್ಣಾದದ್ದನ್ನು ಊರಿನಲ್ಲಿ ಅವನಷ್ಟು ಬೇಗ ಗುರುತಿಸುವವರಿಲ್ಲ. ಅವನ ಗೂಡು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಗೇ ಹೋಗುತ್ತದೆ. ಆ ವರ್ಷದ ದೀಪಾವಳಿಗೆ ಹೋದಾಗ, ಅಟ್ಟದ ಮೇಲಿನ ಅಚ್ಚು, ಸೌಟು, ಗುಂಡಿನ ಡಬ್ಬಿ ಇವನ್ನೆಲ್ಲ ತೆಗೆದು ದೂರ ಮಾಡಬೇಕೆಂದುಕೊಂಡು ಹೋದೆ. ಅಚ್ಚು ಇತ್ತು. ಸೌಟು ಇತ್ತು. ಡಬ್ಬಿ ಇರಲಿಲ್ಲ.

ಹುಳುಮನೆಗೆ ಹೋದೆ. ತಮ್ಮ ಚಂದ್ರಿಕೆಗಳಿಂದ ಗೂಡು ಬಿಡಿಸಿ ಬುಟ್ಟಿ ತುಂಬುತ್ತಿದ್ದ. ಒಂದು ಬುಟ್ಟಿ ತುಂಬಿ ಬಾಗಿಲಿಗೆ ಹೋದ ಕೂಡಲೇ ಬಲಗಡೆಯ ತೆಂಗಿನ ಚಿಪ್ಪಿನಿಂದ ಏನನ್ನೋ ತೆಗೆದು ಎಡಗಡೆಯ ಚಿಪ್ಪಿಗೆ ಹಾಕುತ್ತಿದ್ದ. ಹತ್ತಿರ ಹೋಗಿ ನೋಡಿದೆ. ನಮ್ಮ ಆ ಇಪ್ಪತ್ತು ಗುಂಡುಗಳು. ಬಾಯಲ್ಲಿ ಸಂಖ್ಯೆ ಇಲ್ಲ, ನಾಲ್ಕೂ ಇಲ್ಲ ಐದೂ ಇಲ್ಲ. ಒಂದು ಬುಟ್ಟಿಗೆ ಒಂದು ಗುಂಡು. "ಲೆಕ್ಕ ತಪ್ಪಲ್ಲ ಅಕ್ಕ, ನೀನೇ ಹೇಳಿಕೊಟ್ಟದ್ದಲ್ವಾ" ಎಂದ.

ಅಮ್ಮ ಬಾಗಿಲಲ್ಲಿ ಕೂತಿದ್ದಳು. ಎಂಬತ್ತು ದಾಟಿದ ಜೀವ. ಅವಳ ಒಲೆಯ ವಿಷಯ ಅವಳಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಒಳಗೆ ಹೋಗಿ ಹುಣಸೆ ಹಣ್ಣು ಬಿಡಿಸಿದಾಗ ಎತ್ತಿಟ್ಟಿದ್ದ ಬೀಜಗಳಲ್ಲಿ ಇಪ್ಪತ್ತು ಆರಿಸಿ, ತೊಳೆದು ತಂದೆ. ಗುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಬೀಜಗಳನ್ನು ಚಿಪ್ಪಿಗೆ ಸುರಿದೆ. ಅವನು ಒಂದೆರಡನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ.

"ಇವು ಒಂದೇ ಅಳತೆ ಇಲ್ವಲ್ಲ ಅಕ್ಕ."

"ಒಂದೇ ಅಳತೆ ಇರಬೇಕಾಗಿಲ್ಲ ಕಣೋ. ಎಣಿಸುವುದಕ್ಕೆ ಇಷ್ಟು ಸಾಕು" ಎಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿಕೊಂಡ. ಕೈ ತೊಳೆಯಲು ಅವನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಸೋಪು ಹಚ್ಚಿ, ಚಿಕ್ಕವನಿದ್ದಾಗ ತೊಳೆಯುತ್ತಿದ್ದ ಹಾಗೆ ಬೆರಳು ಬೆರಳನ್ನೂ ನಾನೇ ತಿಕ್ಕಿ ತೊಳೆದೆ. "ಇದೇನಕ್ಕಾ, ಹಬ್ಬಕ್ಕೆ ಬಂದು ನನಗೇ ಸ್ನಾನ ಮಾಡಿಸ್ತಿದ್ದೀಯಾ" ಎಂದು ನಕ್ಕ. ಹೊರಗೆ ಇನ್ನೂ ಆರು ಬುಟ್ಟಿಗಳ ಗೂಡು ಬಾಕಿ ಇತ್ತು. ಅಕ್ಕ ತಮ್ಮ ಇಬ್ಬರೂ ಕೂತು ಬಿಡಿಸಿದೆವು.